ಆ ಡ್ರಗ್ ಸ್ಟೋರ್ ಪೋಸ್ಟ್‌ಕಾರ್ಡ್ ಚಂದ ಅದ, ಆದ್ರ ಫ್ಲೆಕ್ಸ್ ಮಾಡಿಸಬ್ಯಾಡ್ರಿ

(1/8)
ದೋಸ್ತರೇ, ಉದ್ದ ಪೋಸ್ಟ್ ಇದು, ಎಂಟು ಭಾಗ ಅದಾವ. ಈಗ ಟೈಮ್ ಇಲ್ಲಂದ್ರ ಸೇವ್ ಮಾಡ್ಕೊಂಡು ಬಸ್ಸಿನಾಗ ಓದ್ರಿ. ಇಂಡಿ ಬಿಟ್ಟು ಸಿಂದಗಿ ಮುಟ್ಟೋದ್ರೊಳಗ ಮುಗೀತದ.

ವಿಷಯ ಇಷ್ಟು. ಈ ಸಲ ಕಾಲೇಜ್ ಡೇ ಥೀಮ್ 'ರೆಟ್ರೊ'. ಫೋಟೊ ಬೂತ್‌ಗೆ ಗ್ರೂಪಿನಾಗ ಮೂರು ಡಿಸೈನ್ ಬಂದಾವ. ಹೆಚ್ಚು ಹಾರ್ಟ್ ಬಿದ್ದದ್ದು ಮೂರನೇದಕ್ಕ. ಅದು ಅಮೆರಿಕದ ಹಳೇ ಡ್ರಗ್ ಸ್ಟೋರಿನ ಪೋಸ್ಟ್‌ಕಾರ್ಡ್: ಕಟ್ಟಿಗೆ ಕೌಂಟರ್, ಸಾಲಾಗಿ ಗಾಜಿನ ಬಾಟಲಿ, ಸ್ಟೂಲ್ ಮ್ಯಾಲ ಕುಂತು ಸೋಡಾ ಕುಡಿಯೋ ಹುಡುಗಿ, ಹಿಂದ ಗ್ವಾಡಿ ತುಂಬ ಸಿಗರೇಟ್ ಜಾಹೀರಾತು. ಒಂದ್ರಾಗ ಬಿಳಿ ಕೋಟಿನ ಡಾಕ್ಟರ್ ನಗಾಡ್ತ ಸಿಗರೇಟ್ ಹಿಡಿದಾನ. ಇದನ್ನ ಹತ್ತು ಅಡಿ ಫ್ಲೆಕ್ಸ್ ಮಾಡಿಸಿ, ಅದರ ಮುಂದ ನಿಂತು ನಾವೆಲ್ಲ ಫೋಟೊ ತಗಸ್ಕೋಬೇಕಂತ. ಮಂಗಳವಾರ ಪ್ರಿಂಟಿಗೆ ಹೋಗ್ತದ.

ನಾ ಬ್ಯಾಡ ಅಂದೆ. 'ಅಷ್ಟ್ಯಾಕ ಸೀರಿಯಸ್, ಬರೇ ವೈಬ್ ಅಷ್ಟ' ಅಂತ ರಿಪ್ಲೈ ಬಂತು. ವೈಬ್ ಅನ್ನೋ ಮಾತಿಗೆ ಗ್ರೂಪಿನಾಗ ಎರಡು ಸಾಲಿನಾಗ ಉತ್ತರ ಕೊಡಾಕ ಆಗೂದಿಲ್ಲ. ಅದಕ್ಕ ಇಲ್ಲಿ ಬರೀಲಿಕ್ಕತ್ತೀನಿ. ಸ್ವೈಪ್ ಮಾಡ್ರಿ.

(2/8)
ಮೊದಲು ಆ ಅಂಗಡಿ ಯಾವುದು ಅಂತ ತಿಳ್ಕೊಳ್ಳೋಣ. ಡ್ರಗ್ ಸ್ಟೋರ್ ಅಂದ್ರ ನಮ್ಮ ಮೆಡಿಕಲ್ ಅಂಗಡಿ ಇದ್ದಂಗ, ಆದ್ರ ಅಷ್ಟಕ್ಕ ಮುಗಿಯೂದಿಲ್ಲ. ಔಷಧದ ಜೋಡಿ ಐಸ್‌ಕ್ರೀಮು, ಸೋಡಾ, ಪತ್ರಿಕೆ, ಸೋಪು, ಪೋಸ್ಟ್‌ಕಾರ್ಡು, ಸಿಗಾರು, ಸಿಗರೇಟು ಎಲ್ಲ ಒಂದೇ ಸೂರಿನಡಿ. ಕಳೆದ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಸಣ್ಣ ಸಣ್ಣ ಊರುಗಳಲ್ಲಿ ಇದು ಹರೆಯದವರು ಸೇರುವ ಜಾಗವಾಗಿತ್ತು. ನಮ್ಮ ಬಸ್‌ಸ್ಟ್ಯಾಂಡ್ ಮುಂದಿನ ಚಹಾದಂಗಡಿ, ಮೆಡಿಕಲ್, ಪಾನ್‌ಶಾಪ್ ಮೂರೂ ಕೂಡಿಸಿದ್ರ ಹೆಂಗೋ ಹಂಗ.

ಈಗ ಬಿಕಾಂ ತಲಿಯಿಂದ ಯೋಚನೆ ಮಾಡ್ರಿ. ಕಂಪನಿಗೆ ಅಂಥ ಅಂಗಡಿ ಯಾಕ ಬೇಕಿತ್ತು? ಮಾರ್ಕೆಟಿಂಗ್ ಪೇಪರಿನಾಗ ನಾಕು ಪಿ ಬಾಯಿಪಾಠ ಮಾಡೀವಲ್ಲ, ಅದರಾಗ ಒಂದು 'ಪ್ಲೇಸ್'. ಮಾಲು ಎಲ್ಲಿ ಇಟ್ಟು ಮಾರ್ತೀರಿ ಅನ್ನೋದೂ ಒಂದು ಜಾಹೀರಾತೇ. ಅವ್ವನ ಜ್ವರಕ್ಕ ಗುಳಿಗಿ ಕೊಟ್ಟ ಕೈ ಅದೇ ಕೌಂಟರಿನಾಗ ಸಿಗರೇಟ್ ಪ್ಯಾಕೂ ಕೊಡ್ತದ ಅಂದ್ರ, ನೋಡೋ ಹುಡುಗನ ತಲಿಯಾಗ ಏನು ಕೂಡ್ತದ? 'ಇದರಾಗ ಅಂಥ ಕೆಟ್ಟದ್ದೇನೂ ಇರಲಿಕ್ಕಿಲ್ಲ' ಅಂತ. ಔಷಧದ ಮ್ಯಾಲಿದ್ದ ನಂಬಿಕೆಯನ್ನ ತಂಬಾಕ ಕಡ ತಗೊಂಡಿತ್ತು. ಆ ಕಡ ಅದು ತೀರಿಸಿಲ್ಲ.

(3/8)
ಇನ್ನು ಆ ನಗಾಡೋ ಡಾಕ್ಟರ್. ಆ ಕಾಲದ ಇಂಥ ಜಾಹೀರಾತುಗಳಾಗ ನಿಂತಿದ್ದವರು ಖರೇ ಡಾಕ್ಟರಲ್ಲ, ಕೋಟು ಹಾಕಿಸಿದ ಮಾಡೆಲ್‌ಗಳು.

1930ರಲ್ಲಿ ಲಕ್ಕಿ ಸ್ಟ್ರೈಕ್ ಕಂಪನಿ, ತನ್ನ ಸಿಗರೇಟು ಗಂಟಲಿಗೆ ಕಡಿಮೆ ಕಿರಿಕಿರಿ ಅಂತ 20,679 ವೈದ್ಯರು ಹೇಳಿದ್ದಾರೆ ಎಂದು ಜಾಹೀರಾತು ಕೊಟ್ಟಿತು. ಇಪ್ಪತ್ತು ಸಾವಿರ ಅಂತ ದುಂಡಗ ಹೇಳದ ಕೊನೀಗೆ 679 ಹಚ್ಯಾರ ನೋಡ್ರಿ. ಸಂಖ್ಯೆ ಅಷ್ಟು ಕರಾರುವಾಕ್ ಇದ್ರ ಮಂದಿ ನಂಬತಾರ ಅನ್ನೋದು ಅವರಿಗೆ ಗೊತ್ತಿತ್ತು. ಅದನ್ನ ತಂದದ್ದು ಹೆಂಗ? ಡಾಕ್ಟರರಿಗೆ ಪುಕ್ಕಟೆ ಸಿಗರೇಟ್ ಪೆಟ್ಟಿಗೆ ಕಳಿಸಿ, ಜೋಡಿಗೆ ತಮಗ ಬೇಕಾದ ಉತ್ತರ ಬರೋ ಹಂಗ ಪ್ರಶ್ನೆ ಇಟ್ಟು.

1946ರಲ್ಲಿ ಕ್ಯಾಮೆಲ್ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಬೇರೆ ಯಾವ ಸಿಗರೇಟಿಗಿಂತಲೂ ಕ್ಯಾಮೆಲ್ ಸೇದುವ ಡಾಕ್ಟರರೇ ಹೆಚ್ಚು ಅಂತ. ಅವರ ಸರ್ವೆಯೂ ಅಂಥದ್ದೇ. ವೈದ್ಯರ ಸಮ್ಮೇಳನಗಳಲ್ಲಿ ಕ್ಯಾಮೆಲ್ ಪ್ಯಾಕ್ ಪುಕ್ಕಟೆ ಹಂಚೋದು, ಆಮ್ಯಾಲ 'ನಿಮ್ಮ ಕಿಸೆಯಾಗಿರೋದು ಯಾವ ಬ್ರ್ಯಾಂಡ್' ಅಂತ ಕೇಳೋದು. ಸ್ಟ್ಯಾಟಿಸ್ಟಿಕ್ಸ್ ಇಂಟರ್ನಲ್ಸ್‌ನಾಗ ಹಿಂಗ ಸ್ಯಾಂಪಲ್ ತಗೊಂಡು ಬರದ್ರ ನಮ್ಮ ಸರ್ ಸೊನ್ನಿ ಕೊಡ್ತಾರ.

ಡಾಕ್ಟರರ ಪತ್ರಿಕೆಗಳೂ ಇದರಾಗ ಪಾಲುದಾರರೇ. ಅಮೆರಿಕನ್ ವೈದ್ಯರ ಸಂಘದ ಪತ್ರಿಕೆ 1933ರಿಂದ 1953ರವರೆಗೆ ಸಿಗರೇಟ್ ಜಾಹೀರಾತು ಅಚ್ಚು ಹಾಕಿತು. ಅಂದ್ರ ನಮ್ಮ ಫ್ಲೆಕ್ಸ್ ಮ್ಯಾಲ ಬರೋ ಆ ಡಾಕ್ಟರ್ ರೊಕ್ಕ ಕೊಟ್ಟು ತಯಾರು ಮಾಡಿಸಿದ ಸುಳ್ಳು. ಸುಳ್ಳಿಗೆ ಎಂಬತ್ತು ವರ್ಷ ಆದ್ರ ಅದು ಖರೇ ಆಗೂದಿಲ್ಲ. ಬಣ್ಣ ಮಾಸ್ತದ, ಅಷ್ಟ.

(4/8)
'ಆದ್ರೂ ಎಷ್ಟು ಕ್ಲಾಸಿ ಕಾಣ್ತದ' ಅಂತೀರಿ. ಹೌದು, ಕಾಣ್ತದ. ಯಾಕಂತ ಕೇಳ್ರಿ.

ಇವತ್ತಿನ ಪ್ಯಾಕ್ ಕೈಯಾಗ ಹಿಡೀರಿ. 2016ರ ಏಪ್ರಿಲ್‌ನಿಂದ ಪ್ಯಾಕಿನ ಎರಡೂ ಬದಿ 85% ಜಾಗ ಎಚ್ಚರಿಕೆಯ ಚಿತ್ರ ಮತ್ತು ಅಕ್ಷರಕ್ಕೇ ಮೀಸಲು. ಕ್ಯಾನ್ಸರ್ ಆದ ಬಾಯಿ ನೋಡಿದ ಮ್ಯಾಲ ಉಳಿದ 15% ಡಿಸೈನ್ ಯಾರ ಕಣ್ಣಿಗೂ ಕ್ಲಾಸಿ ಕಾಣೂದಿಲ್ಲ. ಹಳೇ ಪೋಸ್ಟ್‌ಕಾರ್ಡಿನ ಮ್ಯಾಲ ಎಚ್ಚರಿಕೆ ಎಷ್ಟು? ಸೊನ್ನಿ. ನೀವು 'ಏಸ್ಥೆಟಿಕ್' ಅಂತ ಮೆಚ್ಚೋದು ಬಣ್ಣ, ಅಕ್ಷರ ಅಷ್ಟನ್ನ ಅಲ್ಲ, ಆ ಸೊನ್ನಿಯನ್ನೂ ಮೆಚ್ಚಲಿಕ್ಕತ್ತೀರಿ.

ಆ ಸೊನ್ನಿ 85 ಆಗಲಿಕ್ಕೆ ಎಷ್ಟು ವರ್ಷ ಹಿಡೀತು ಅಂತ ಲೆಕ್ಕ ಹಾಕ್ರಿ. ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬರೆದದ್ದು 1950ರಲ್ಲಿ. ಅಮೆರಿಕದ ಸರ್ಜನ್ ಜನರಲ್ ವರದಿ ಬಂದದ್ದು 1964ರಲ್ಲಿ. ನಮ್ಮ ದೇಶದ ಪ್ಯಾಕಿನ ಮೇಲೆ ಒಂದು ಸಾಲಿನ ಎಚ್ಚರಿಕೆ ಕಡ್ಡಾಯ ಮಾಡಿದ ಕಾನೂನು 1975ರದು. ಜಾಹೀರಾತು ನಿಷೇಧಿಸಿದ ಕೋಟ್ಪಾ ಕಾಯ್ದೆ 2003ರದು. ಅಲ್ಲಿಂದ 85%ಗೆ ಮುಟ್ಟಲಿಕ್ಕೆ ಮತ್ತ 13 ವರ್ಷ. ಅಷ್ಟು ವರ್ಷ ಹೊಡೆದಾಡಿ ಹಚ್ಚಿದ ಎಚ್ಚರಿಕೆಯನ್ನ ನಾವು ಒಂದು ಫಿಲ್ಟರ್ ಹಚ್ಚಿ ಅಳಿಸಿ ಬಿಡ್ತೀವಿ.

ಇನ್ನೊಂದು ಮಾತು. ಕಂಪನಿ ಇವತ್ತು ರೊಕ್ಕ ಕೊಟ್ಟು ಕಾಲೇಜಿನಾಗ ಸಿಗರೇಟ್ ಜಾಹೀರಾತು ಹಚ್ಚಿಸಿದ್ರ ಅದು ಅಪರಾಧ. ನಾವು ತಲಾ ನೂರು ರೂಪಾಯಿ ಚಂದಾ ಹಾಕಿ, ಸ್ವಂತ ಖುಷಿಯಿಂದ ಹಚ್ಚಲಿಕ್ಕತ್ತೀವಿ. ಇಂಥ ಪುಕ್ಕಟೆ ಏಜೆಂಟರು ಯಾವ ಕಂಪನಿಗೆ ಸಿಗ್ತಾರ?

(5/8)
'ಅದು ಅಮೆರಿಕದ ಕತಿ, ಮುದ್ದೇಬಿಹಾಳಕ್ಕೂ ಅದಕ್ಕೂ ಏನು ಸಂಬಂಧ?' ಅಂತ ಒಬ್ಬರು ಕೇಳ್ಯಾರ. ಒಳ್ಳೇ ಪ್ರಶ್ನೆ. ನಮ್ಮ ದೇಶದಾಗ ಕಡ ತಗೊಂಡದ್ದು ಡಾಕ್ಟರ್ ಕೋಟು ಅಲ್ಲ, ಸಂಸಾರ ಮತ್ತು ಕ್ರಿಕೆಟ್.

ನಿಮ್ಮ ಅಪ್ಪ, ಕಾಕಾ ಅವರನ್ನ ಕೇಳ್ರಿ. ವಿಲ್ಸ್ ಜಾಹೀರಾತಿನ 'ಮೇಡ್ ಫಾರ್ ಈಚ್ ಅದರ್' ನೆನಪಿರ್ತದ. ಚಂದನ್ನ ಗಂಡ ಹೆಂಡತಿ ಜೋಡಿ ತೋರಿಸಿ, ತಂಬಾಕ ಮತ್ತು ಫಿಲ್ಟರ್ ಕೂಡ ಹಿಂಗೇ ಒಬ್ಬರಿಗೊಬ್ಬರು ಅಂತ ಮಾರಿದ್ರು. 1996ರ ವಿಶ್ವಕಪ್ಪಿನ ಹೆಸರೇ ವಿಲ್ಸ್ ವರ್ಲ್ಡ್ ಕಪ್. 2001ರವರೆಗೆ ನಮ್ಮ ಟೀಮಿನ ಅಂಗಿ ಮ್ಯಾಲ ಸಿಗರೇಟಿನ ಹೆಸರಿತ್ತು. ಸಚಿನ್, ದ್ರಾವಿಡ್, ಕುಂಬ್ಳೆ ಎಲ್ಲಾರೂ ಅದನ್ನ ಎದಿ ಮ್ಯಾಲ ಹಾಕ್ಕೊಂಡೇ ಆಡ್ಯಾರ.

ಈಗ? ಈಗ ಏಲಕ್ಕಿ. ದೊಡ್ಡ ದೊಡ್ಡ ಹೀರೋಗಳು ಏಲಕ್ಕಿ ತಿನ್ನಲಿಕ್ಕೆ ಹೆಲಿಕಾಪ್ಟರಿನಾಗ ಬರ್ತಾರ. ಅಂಗಡಿಗೆ ಹೋಗಿ ಆ ಹೆಸರು ಹೇಳ್ರಿ, ಏನು ಕೊಡ್ತಾರ ನೋಡ್ರಿ. 2022ರ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ಅಭಿಮಾನಿಗಳ ಕ್ಷಮೆ ಕೇಳಿ ಅಂಥದ್ದೊಂದು ಜಾಹೀರಾತಿನಿಂದ ಹಿಂದ ಸರಿದದ್ದು ಇದಕ್ಕೇ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆದದ್ದು 2013ರಲ್ಲಿ. ಆಮ್ಯಾಲ ಏನಾತು ನಿಮಗ ಗೊತ್ತದ: ಒಂದೇ ಚೀಟು ಎರಡು ಚೀಟು ಆತು. ಪಾನ್ ಮಸಾಲಾ ಬ್ಯಾರೆ, ತಂಬಾಕ ಬ್ಯಾರೆ. ಅಂಗೈ ಮ್ಯಾಲ ಕೂಡಿಸೋ ಕೆಲಸ ಗಿರಾಕಿದು.

ಡ್ರಗ್ ಸ್ಟೋರಿನ ಡಾಕ್ಟರ್ ಮತ್ತು ಬಸ್ಸಿನ ಹಿಂದಿನ ಏಲಕ್ಕಿ ಹೀರೋ, ಇಬ್ಬರ ಕೆಲಸಾನೂ ಒಂದೇ. ಮೊದಲನೆಯವನನ್ನ 'ವಿಂಟೇಜ್' ಅಂತ ಮುದ್ದು ಮಾಡಿದವರಿಗೆ ಎರಡನೆಯವನನ್ನ ಬೈಯಾಕ ಬಾಯಿ ಉಳಿಯೂದಿಲ್ಲ.

(6/8)
ಈಗ ಖರೇ ತಮಾಷಿ ಕೇಳ್ರಿ. ನಾವು ಫ್ಲೆಕ್ಸ್ ಮಾಡಿಸಬೇಕಂತ ಹೊಂಟಿರೋ ದೃಶ್ಯಕ್ಕ ಅಮೆರಿಕದ ಔಷಧ ಅಂಗಡಿಯವರೇ ನಾಚಿಕೊಂಡಾರ. ಅಂಗಡಿಯಾಗ ತಂಬಾಕ ಮಾರಬ್ಯಾಡ್ರಿ ಅಂತ ಅಲ್ಲಿನ ಫಾರ್ಮಸಿಸ್ಟರ ಸಂಘ 1971ರಲ್ಲೇ ಹೇಳಿತ್ತು. 2014ರ ಸೆಪ್ಟೆಂಬರಿನಲ್ಲಿ ಸಿವಿಎಸ್ ಎಂಬ ದೊಡ್ಡ ಕಂಪನಿ ತನ್ನ 7,600ಕ್ಕೂ ಹೆಚ್ಚು ಅಂಗಡಿಗಳಲ್ಲಿ ತಂಬಾಕು ಮಾರಾಟ ನಿಲ್ಲಿಸಿತು. ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ವಹಿವಾಟು ಕಳೆದುಕೊಳ್ಳುತ್ತೇವೆ ಅಂತ ಗೊತ್ತಿದ್ದೂ ನಿಲ್ಲಿಸಿತು. ಅವರು ಕೊಟ್ಟ ಕಾರಣ ಸರಳ: ಆರೋಗ್ಯ ಕಾಯೋ ಅಂಗಡಿಗೂ ಸಿಗರೇಟಿಗೂ ಹೊಂದಾಣಿಕೆ ಆಗೂದಿಲ್ಲ.

ನಮ್ಮಲ್ಲಿ ಈ ಬುದ್ಧಿ ಮೊದಲಿಂದಾನೂ ಅದ. ಬಸವನ ಬಾಗೇವಾಡಿಯಾಗ ಒಂದು ಮೆಡಿಕಲ್ ಅಂಗಡಿಗೆ ಹೋಗಿ ಸಿಗರೇಟ್ ಕೇಳಿ ನೋಡ್ರಿ. ಕೌಂಟರಿನವರು ನಿಮ್ಮ ಮುಖಾನೇ ನೋಡ್ತಾರ, ತಲಿ ಸರಿ ಅದನೋ ಇಲ್ಲೋ ಅಂತ. ಆ ನೋಟಾನೇ ನಮ್ಮ ಆಸ್ತಿ. ಪಾನ್‌ಶಾಪಿಗೂ ಮೆಡಿಕಲ್ಲಿಗೂ ನಡುವ ನಾಕೇ ಹೆಜ್ಜಿ ಇರಬಹುದು, ಆದ್ರ ಎರಡೂ ಬ್ಯಾರೆ ಅಂತ ನಮ್ಮ ಮಂದಿಗೆ ಗೊತ್ತದ. ಆ ನಾಕು ಹೆಜ್ಜಿ ಅಳಿಸಿ ಹಾಕೋ ಚಿತ್ರ ನಮ್ಮ ಕಾಲೇಜಿಗೆ ಯಾಕ ಬೇಕು?

(7/8)
ಕಾಮೆಂಟಿನಾಗ ಬರೋ ಮಾತಿಗೆ ಈಗ್ಲೇ ಉತ್ತರ.

'ನಮ್ಮ ಮುತ್ಯಾ ದಿನಾ ಬೀಡಿ ಸೇದಿ ತೊಂಬತ್ತು ವರ್ಷ ಬದುಕ್ಯಾನ.' ಸಂತೋಷ. ಮುತ್ಯಾನ ಜೋಡಿ ಸೇದಿ ಅರವತ್ತಕ್ಕೇ ಹೋದ ಗೆಳೆಯರು ಕಟ್ಟಿ ಮ್ಯಾಲ ಕುಂತು ಕತಿ ಹೇಳಲಿಕ್ಕೆ ಇವತ್ತಿಲ್ಲ. ಉಳಿದವರನ್ನಷ್ಟ ಎಣಿಸಿದ್ರ ಅದೂ ಕ್ಯಾಮೆಲ್ ಸರ್ವೆನೇ.

'ಇದು ಇತಿಹಾಸ, ಇತಿಹಾಸ ಅಳಿಸಬಾರದು.' ಒಪ್ತೀನಿ. ಹಂಗಾದ್ರ ಮ್ಯೂಸಿಯಂ ಮಾಡ್ರಿ. ಚಿತ್ರದ ಕೆಳಗ ಇಸವಿ ಹಾಕ್ರಿ, 20,679ರ ಕತಿ ಬರೀರಿ, ಡಾಕ್ಟರ್ ಮಾಡೆಲ್ ಅಂತ ಬರೀರಿ. ನಾನೇ ಬಂದು ಹಚ್ಚತೀನಿ. ಆದ್ರ ಅದರ ಮುಂದ ಪೋಸ್ ಕೊಟ್ಟು ಟ್ಯಾಗ್ ಹಾಕೋದಕ್ಕ ಇತಿಹಾಸ ಅನ್ನಬ್ಯಾಡ್ರಿ.

'ತಂಬಾಕ ನಂಬಿ ಬದುಕಿದ ಬಡವರ ಗತಿ?' ಇದು ಗಂಭೀರ ಪ್ರಶ್ನೆ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆ ಕೇಳಲಿಕ್ಕೆ ರಸ್ತೆಗೆ ಇಳಿದಾಗ ಗೋಲಿಬಾರ್ ಆಗಿ ರೈತರು ಸತ್ತರು. ಇಂಡಿಯಿಂದ ಅತ್ತ ಗಡಿ ದಾಟಿದ್ರ ಸೊಲ್ಲಾಪುರ. ಅಲ್ಲಿನ ಬೀಡಿ ಕಟ್ಟೋ ಹೆಣ್ಣುಮಕ್ಕಳು ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿ, 2006ರಲ್ಲಿ 10,000 ಮನೆಗಳ ವಸಾಹತು ಪಡೆದರು. ಇವರ ಬಗ್ಗೆ ಕಾಳಜಿ ಇದ್ರ ಇವರ ಫೋಟೊ ಹಾಕೋಣ, ಇವರ ಕೂಲಿ ಬಗ್ಗೆ ಮಾತಾಡೋಣ. ಚಂದನ್ನ ಪೋಸ್ಟ್‌ಕಾರ್ಡಿನಾಗ ಇವರ ಕೈ ಎಲ್ಲೂ ಕಾಣೂದಿಲ್ಲ.

'ಫೋಟೊ ನೋಡಿ ಯಾರೂ ಸೇದಾಕ ಶುರು ಮಾಡೂದಿಲ್ಲ.' ಹಂಗಿದ್ರ ಕಂಪನಿಗಳು ಅಷ್ಟು ರೊಕ್ಕ ಸುರಿದದ್ದು ಯಾಕ? ನಮಗಿಂತ ಚೊಲೋ ಅಕೌಂಟೆಂಟ್‌ಗಳು ಅವರ ಹಂತ್ಯಾಕ ಇದ್ರು.

(8/8)
ಕೊನೇ ಭಾಗ. 2016–17ರ ಸರ್ಕಾರಿ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ 22.8% ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸ್ತಾರೆ. ಅವರಲ್ಲಿ ಬಹಳಷ್ಟು ಜನ ಶುರು ಮಾಡಿದ್ದು ನಮ್ಮ ವಯಸ್ಸಿನಾಗೇ, ಇಂಥ ಒಂದು ವೈಬಿನಾಗೇ.

ಲೆಕ್ಕ ಮಾಡ್ರಿ. ಒಂದಕ್ಕ 15 ರೂಪಾಯಿ ಅಂತ ಹಿಡೀರಿ, ದಿನಕ್ಕ ಎರಡು. ವರ್ಷಕ್ಕ 10,950. ಬಿಕಾಂ ಮುಗಿಯೋದ್ರೊಳಗ 32,850. ಮೂರು ಸಾವಿರ ಸ್ಕಾಲರ್‌ಶಿಪ್ಪಿಗಾಗಿ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಅಂತ ತಹಶೀಲ್ದಾರ್ ಆಫೀಸಿಗೆ ನಾಕು ಸಲ ಅಡ್ಡಾಡೋರು ನಾವು.

ಇನ್ನೊಂದು. 2025ರ ಮೇ ತಿಂಗಳಲ್ಲಿ ಜಾರಿಯಾದ ಕರ್ನಾಟಕದ ತಿದ್ದುಪಡಿ ಪ್ರಕಾರ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದ್ರ ದಂಡ 1,000 ರೂಪಾಯಿ. ನನಗ ಇಪ್ಪತ್ತು, ನಮ್ಮ ಕ್ಲಾಸಿನಾಗ ಬಹಳ ಮಂದಿಗೆ ಅಷ್ಟೇ. ಖರೇ ಸಿಗರೇಟ್ ನಮಗ ಮಾರೋದು ತಪ್ಪು, ಹತ್ತು ಅಡಿ ಸಿಗರೇಟ್ ಜಾಹೀರಾತು ನಾವೇ ಹಚ್ಚೋದು ಫ್ಯಾಷನ್ನಾ?

ನಾ ಬರೇ 'ಬ್ಯಾಡ' ಅಂತ ಹೇಳಿ ಕೂಡೂದಿಲ್ಲ. ಬದಲಿ ಡಿಸೈನ್ ಗ್ರೂಪಿಗೆ ಹಾಕೀನಿ: ಗೋಳಗುಮ್ಮಟದ ಹಳೇ ಪೋಸ್ಟ್‌ಕಾರ್ಡ್ ಹಿನ್ನೆಲೆ, ಮುಂದ ಗೋಲಿ ಸೋಡಾ ಗಾಡಿ, ಇಂಡಿ ಲಿಂಬಿಹಣ್ಣಿನ ಬುಟ್ಟಿ, ಎಚ್‌ಎಂಟಿ ಗಡಿಯಾರ, ಮರ್ಫಿ ರೇಡಿಯೊ. ಡ್ರಗ್ ಸ್ಟೋರಿನ ಹುಡುಗಿ ಕುಡಿಯೋ ಸೋಡಾ ನಮ್ಮಲ್ಲೂ ಅದ, ಅದನ್ನ ಇಟ್ಕೊಳ್ಳೋಣ. ಹಿಂದಿನ ಗ್ವಾಡಿ ಬಿಡೋಣ.

ನಿಮ್ಮ ಪೈಕಿ ಯಾರರೇ ಬಿಡಬೇಕು ಅನ್ನೋರಿದ್ರ, ರಾಷ್ಟ್ರೀಯ ಸಹಾಯವಾಣಿ 1800-11-2356. ಪ್ಯಾಕಿನ ಮ್ಯಾಲೇ ಅದ, ಫೋನ್ ಪುಕ್ಕಟೆ. ಯಾರೂ ನಿಮ್ಮನ್ನ ಬೈಯೂದಿಲ್ಲ, ನಾನಂತೂ ಬೈಯೂದಿಲ್ಲ. ಈ ಜಗಳ ಸೇದೋರ ಜೋಡಿ ಅಲ್ಲ, ಸೇದಿಸೋ ಚಿತ್ರದ ಜೋಡಿ.

ಸೋಮವಾರ ರಾತ್ರಿ ಒಂಬತ್ತರ ತನಕ ಗ್ರೂಪಿನಾಗ ಪೋಲ್ ಇರ್ತದ. ಮೂರನೇ ಡಿಸೈನಿಗೆ ಹಾರ್ಟ್ ಒತ್ತಿದವರು ಇದನ್ನ ಓದಿ ಆಮ್ಯಾಲ ಒತ್ರಿ. ಓದಿದ ಮ್ಯಾಲೂ ಅದೇ ಬೇಕಂದ್ರ ಕಾಮೆಂಟಿನಾಗ ಕಾರಣ ಬರೀರಿ. 'ವೈಬ್' ಅಂತ ಬರದ್ರ ನಡಿಯೂದಿಲ್ಲ.

#ರೆಟ್ರೊ_ನಮ್ಮದಿರಲಿ #ಗೋಲಿಸೋಡಾ #ಬಿಕಾಂ_ಲೆಕ್ಕ #ವಿಜಯಪುರ_ಹುಡುಗರು