ಬೊಜ್ಜು ಬಂದದ್ದು ಹದಿನೈದು ದಿನಕ್ಕೇನು?

ಸವಣೂರು ತಾಲೂಕಿನ ಹತ್ತಿಮತ್ತೂರು ರೈತರ ಊರು. ರೈತರಿಗೆ ಬೊಜ್ಜು ಬರುವುದಿಲ್ಲ ಎಂಬುದು ಹಳೆಯ ಮಾತಾಯಿತು. ಈಗ ಉಳುಮೆಗೆ ಟ್ರ್ಯಾಕ್ಟರು, ಹೊಲಕ್ಕೆ ಹೋಗಲು ಬೈಕು. ಮೈ ದುಡಿಮೆ ಇಳಿಯಿತು, ಊಟ ಇಳಿಯಲಿಲ್ಲ. ಸಂಜೆಯಾದರೆ ಮಿರ್ಚಿ-ಮಂಡಕ್ಕಿ, ಮೇಲೆ ಸವಣೂರ ಖಾರಾ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹತ್ತು ಮಂದಿಯಲ್ಲಿ ಸುಮಾರು ಮೂವರಿಗೆ ತೂಕ ಹೆಚ್ಚು. ಅದರ ಬೆನ್ನಿಗೇ ಸಕ್ಕರೆ ಕಾಯಿಲೆ, ಬಿಪಿ ಕಾದು ಕೂತಿವೆ.

ಕೆಲವರು ಒಮ್ಮೆಲೇ ಎಚ್ಚತ್ತು ಊಟ ಬಿಡುತ್ತಾರೆ, ಪೇಟೆಯ ಪುಡಿ ಕುಡಿಯುತ್ತಾರೆ. ಅಷ್ಟರಲ್ಲಿ ಒಂದು ಜಾತ್ರೆ, ಎರಡು ಮದುವೆ. ಇಳಿದ ತೂಕ ಬಡ್ಡಿ ಸಮೇತ ವಾಪಸು! ವರ್ಷಗಟ್ಟಲೆ ಬೆಳೆಸಿದ ಹೊಟ್ಟೆ ಹದಿನೈದು ದಿನಕ್ಕ ಹೋಗಂದ್ರ ಹೊಕ್ಕೈತೇನು?

ಬೇಕಾದದ್ದು ಬದುಕಿರುವವರೆಗೆ ನಡೆಯುವ ರೂಢಿ. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಮೆಂತ್ಯ, ಸೌತಿಕಾಯಿ, ಮಜ್ಜಿಗಿ ಅಜ್ಜಿಯ ಕಾಲದ ಊಟವೇ. ಎರಡನೇ ಸಲ ಅನ್ನ ಬಡಿಸುವಾಗ ಕೈ ಅಡ್ಡ ಹಿಡಿದರೆ ಮರ್ಯಾದೆ ಹೋಗದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸು ನಡಿಗೆಯಷ್ಟು ಶ್ರಮ. ಐದು ದಿನ ಅರ್ಧರ್ಧ ತಾಸು ಹೊಲದ ದಾರಿ ನಡೆದರಾಯಿತು.

ಹೆಣ್ಣುಮಕ್ಕಳ ಪಾಡು ಬೇರೆ. ನಸುಕಿನಲ್ಲಿ ನಡೆಯ ಹೊರಟರೆ 'ಎಲ್ಲಿಗೆ ಹೊಂಟೀಯವ್ವಾ?' ಎಂದು ಕಟ್ಟೆ ಮೇಲಿನವರ ನಗೆ. ನಗುವವರು ಮೊದಲು ತಮ್ಮ ಸೊಂಟ ಅಳೆದುಕೊಳ್ಳಲಿ. ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಅಪಾಯದ ಗಂಟೆ. ನಸುಕಿನ ದಾರಿಗೆ ಬೆಳಕಿದೆಯೇ ಎಂದು ಪಂಚಾಯಿತಿಯವರೂ ಒಮ್ಮೆ ನಡೆದು ನೋಡಲಿ. ಅವರಿಗೂ ವ್ಯಾಯಾಮವಾದೀತು!