ಮಕ್ಕಳ ಹೆಸರಿನ ನಡುವೆ ಏನಿರಬೇಕು?

ಜೂನ್ ತಿಂಗಳು ಬಂತೆಂದರೆ ನಮ್ಮಂತಹ ಅಧ್ಯಾಪಕರಿಗೆ ದಾಖಲಾತಿ ರಿಜಿಸ್ಟರಿನ ಕೆಲಸ. ಹೊಸದಾಗಿ ಸೇರಿದ ಮಕ್ಕಳ ಹೆಸರನ್ನು ಬರೆದುಕೊಳ್ಳುವಾಗ, ಹೆಸರಿನ ಹಿಂದೆಯೋ ಮುಂದೆಯೋ ಅಂಟಿಕೊಂಡಿರುವ ಒಂಟಿ ಅಕ್ಷರದ ಅರ್ಥವನ್ನು ಕೇಳುವ ಅಭ್ಯಾಸ ನನಗುಂಟು. ಹತ್ತರಲ್ಲಿ ಆರೇಳು ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. “ಅಪ್ಪನಿಗೆ ಗೊತ್ತುಂಟು ಮಾಷ್ಟ್ರೇ” ಎನ್ನುವವರು ಕೆಲವರು. ಅಪ್ಪನನ್ನು ಕೇಳಿದರೆ ಅವರು ಅಜ್ಜನ ಕಡೆಗೆ ಬೆರಳು ತೋರಿಸುತ್ತಾರೆ.

ಇದನ್ನು ಕಂಡು ನಗುತ್ತಿದ್ದ ನನಗೆ ನನ್ನ ಮನೆಯಲ್ಲೇ ಪಾಠವಾಯಿತು. ಐದನೆಯ ತರಗತಿಯಲ್ಲಿರುವ ಮಗಳು ಒಂದು ಸಂಜೆ ಬಂದು, “ಅಪ್ಪಾ, ನನ್ನ ಹೆಸರಿನಲ್ಲಿರುವ ಎಂ ಎಂದರೆ ಏನು? ಟೀಚರ್ ಕೇಳಿದರು, ಮಂಜೇಶ್ವರ ಎಂದುಬಿಟ್ಟೆ” ಎಂದಳು. ಅದು ಮಂಜೇಶ್ವರವಲ್ಲ, ಮಜಲು. ನಮ್ಮ ಹಿರಿಯರ ಮನೆಯ ಹೆಸರು. ಆ ಮನೆ ಪಾಲಾಗಿ, ಮಾರಾಟವಾಗಿ, ಈಗ ಅಲ್ಲಿ ರಬ್ಬರ್ ಮರಗಳು ನಿಂತಿವೆ. ಉಳಿದದ್ದು ಹೆಸರಿನಲ್ಲಿರುವ ಅಕ್ಷರವೊಂದೇ. ಅದರ ಅರ್ಥವನ್ನೂ ನಾನು ಮಗಳಿಗೆ ಹೇಳಿಕೊಟ್ಟಿರಲಿಲ್ಲ. ತಪ್ಪು ಟೀಚರದ್ದಲ್ಲ, ಮಗುವಿನದ್ದೂ ಅಲ್ಲ, ಸ್ವತಃ ಮಾಷ್ಟ್ರನದ್ದು.

ಮಗುವಿಗೆ ಚೆಂದದ ಹೆಸರು ಹುಡುಕಲು ನಾವು ಪಡುವ ಶ್ರಮ ಅಷ್ಟಿಷ್ಟಲ್ಲ. ಆದರೆ ಆ ಹೆಸರಿನ ಜತೆಗೆ ನಡುವೆ ಬರುವ ಎರಡನೆಯ ಹೆಸರನ್ನು ಮಾತ್ರ ಅರ್ಜಿ ತುಂಬಿಸುವ ಹೊತ್ತಿಗೆ ನೆನಪಿಸಿಕೊಂಡು, ಒಂದಕ್ಷರ ಗೀಚಿ ಕೈತೊಳೆದುಕೊಳ್ಳುತ್ತೇವೆ. ಹಾಗಾಗಬಾರದೆಂಬುದು ನನ್ನ ವಾದ.

ಒಬ್ಬರಿಗೆ ಹಲವು ಹೆಸರುಗಳಿರುವುದು ನಮಗೆ ಹೊಸತೇನೂ ಅಲ್ಲ. ಶಾಸ್ತ್ರೋಕ್ತ ನಾಮಕರಣದಲ್ಲಿ ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ಬೇರೆಬೇರೆ ಇವೆ. ನಮ್ಮ ಕ್ರೈಸ್ತ ಬಂಧುಗಳಲ್ಲಿ ಮೊದಲ ಹೆಸರಿಗೂ ಮನೆತನದ ಹೆಸರಿಗೂ ನಡುವೆ ಸಂತರ ಹೆಸರನ್ನು ಇಡುವ ಕ್ರಮವಿದೆ. ಇನ್ನು ಈ ಮಣ್ಣಿನ ಹಿರಿಯರನ್ನು ನೋಡಿ: ಮಂಜೇಶ್ವರ ಗೋವಿಂದ ಪೈ (1883–1963), ಕಯ್ಯಾರ ಕಿಞ್ಞಣ್ಣ ರೈ (1915–2015). ಮೊದಲು ಊರು, ಕೊನೆಗೆ ಕುಲ, ನಡುವೆ ಮನುಷ್ಯ. ವರ್ಣಮಾಲೆಯಲ್ಲಿ ಕಲಿತು ಮರೆತುಬಿಡುವ ಞಕಾರಕ್ಕೆ ಕೆಲಸ ಕೊಟ್ಟ ಹೆಸರು ಕಿಞ್ಞಣ್ಣ. 1956ರ ನವೆಂಬರ್ 1ರಂದು ನಕಾಶೆಯ ಗೆರೆ ಬದಲಾಯಿತು. ಈ ಹೆಸರುಗಳು ಬದಲಾಗಲಿಲ್ಲ.

ನಮ್ಮ ಮನೆಹೆಸರುಗಳಲ್ಲಿ ಭೂಗೋಳವೇ ಅಡಗಿದೆ. ತಗ್ಗಿನ ಗದ್ದೆ ಬೈಲು, ನಡುವಿನದು ಮಜಲು, ಮೇಲಿನದು ಬೆಟ್ಟು. ಕಾಡಿದ್ದಲ್ಲಿ ಕಾನ, ಮುರಕಲ್ಲಿನ ಬಯಲಿಗೆ ಪದವು. ಗದ್ದೆಗಳು ಮುಚ್ಚಿಹೋದ ಮೇಲೂ ಆ ನೆಲ ಹೇಗಿತ್ತೆಂದು ಹೇಳುವ ಸಾಕ್ಷಿಗಳು ಇವು. ಇಂತಹದನ್ನು ಎಂ, ಕೆ, ಪಿ ಎಂದು ಮೊಟಕುಗೊಳಿಸುವುದು ನ್ಯಾಯವೇ?

ಭಾವನೆಯ ಮಾತು ಹಾಗಿರಲಿ, ವ್ಯವಹಾರದಲ್ಲೂ ಇದರ ಬಿಸಿ ತಟ್ಟುತ್ತಿದೆ. 2022ರ ನವೆಂಬರಿನಲ್ಲಿ ಯು.ಎ.ಇ. ಸರಕಾರ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕೆಂಬ ವಿವರಣೆ ಆಮೇಲೆ ಬಂತು. ಮನೆಗೊಬ್ಬರಂತೆ ಕೊಲ್ಲಿಗೆ ಹೋಗುವ ನಮ್ಮ ಜಿಲ್ಲೆಯವರಿಗೆ ಅದೆಷ್ಟು ಗಾಬರಿಯ ಸುದ್ದಿಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಜನನ-ಮರಣ ನೋಂದಣಿಯ 1969ರ ಕಾನೂನಿಗೆ 2023ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅಂದಿನಿಂದೀಚೆಗೆ ಹುಟ್ಟಿದ ಮಕ್ಕಳ ಹುಟ್ಟಿದ ದಿನಕ್ಕೂ ಸ್ಥಳಕ್ಕೂ, ಶಾಲೆಗೆ ಸೇರುವಾಗ, ಮತದಾರರ ಪಟ್ಟಿಗೆ, ಆಧಾರಿಗೆ, ಜನನ ಪ್ರಮಾಣಪತ್ರವೇ ದಾಖಲೆ. ಅದರಲ್ಲಿ ಬರೆಸಿದ ಹೆಸರೇ ಮಗುವಿನ ಜತೆ ಜೀವಮಾನವಿಡೀ ನಡೆಯುತ್ತದೆ. ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ ಆಮೇಲೆ ಹೆಸರು ಸೇರಿಸಲು ಆ ಕಾನೂನಿನಲ್ಲೇ ಅವಕಾಶವಿದೆ. ಆದುದರಿಂದ ಅವಸರ ಬೇಡ.

ಹಾಗಾದರೆ ಆಯ್ಕೆ ಹೇಗೆ? ನನ್ನ ಅನುಭವಕ್ಕೆ ಬಂದ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದಾಗಿ, ಕೂಗಿ ನೋಡಿ. ಜಗಲಿಯಲ್ಲಿ ನಿಂತು ತೋಟಕ್ಕೆ ಕೇಳುವಂತೆ ಪೂರ್ತಿ ಹೆಸರನ್ನು ಎರಡು ಸಲ ಕರೆಯಿರಿ. ಮೊದಲ ಹೆಸರು ಉದ್ದವಿದ್ದರೆ ನಡುವಿನದು ಗಿಡ್ಡವಿರಲಿ, ಮೊದಲನೆಯದು ಗಿಡ್ಡವಿದ್ದರೆ ನಡುವಿನದು ಉದ್ದವಿದ್ದರೂ ಸರಿ. ‘ಅನಘಾ ಆನಂದ’ ಎಂದಾಗ ಸ್ವರಕ್ಕೆ ಸ್ವರ ತಾಗಿ ಹೆಸರೇ ಕರಗುತ್ತದೆ. ‘ಅನಘಾ ಮಜಲು’ ಎಂದರೆ ಎರಡೂ ಬೇರೆಯಾಗಿ ಕೇಳಿಸುತ್ತವೆ.

ಎರಡನೆಯದು ಅರ್ಥ. ‘ರವಿ ಸೂರ್ಯ’, ‘ಉಮಾ ಪಾರ್ವತಿ’ ಎಂದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತೆ. ನಡುವಿನ ಹೆಸರು ಮೊದಲ ಹೆಸರಿನಲ್ಲಿ ಇಲ್ಲದ ಏನನ್ನಾದರೂ ತರಬೇಕು. ಮಗುವಿಗೆ ಹೊಸಕಾಲದ ಹೆಸರು ಬೇಕೆಂದು ಸೊಸೆ, ಅಜ್ಜಿಯ ಹೆಸರು ಬೇಕೆಂದು ಅತ್ತೆ ಪಟ್ಟು ಹಿಡಿಯುವ ಮನೆಗಳಲ್ಲಿ ಅಜ್ಜಿಯ ಹೆಸರಿಗೆ ನಡುವಿನ ಜಾಗ ಹೇಳಿಸಿದಂತಿದೆ. ‘ಆದ್ಯಾ ಸರಸ್ವತಿ’ ಎಂದರೆ ಇಬ್ಬರ ಮಾತೂ ನಡೆಯಿತು, ಕಿವಿಗೂ ಹಿತ.

ಮೂರನೆಯದು ಲಿಪಿ. ನಮ್ಮ ಮಕ್ಕಳ ಹೆಸರು ಕನ್ನಡ, ಮಲಯಾಳ, ಇಂಗ್ಲಿಷ್ ಎಂಬ ಮೂರು ಲಿಪಿಗಳ ಹೊಳೆ ದಾಟಬೇಕು. ಅಕಾರದಲ್ಲಿ ಮುಗಿಯುವ ನಮ್ಮ ಕೃಷ್ಣ, ನಾರಾಯಣರು ಆಚೆ ದಡ ಸೇರುವಾಗ ಕೃಷ್ಣನ್, ನಾರಾಯಣನ್ ಆಗುವುದುಂಟು. ಬರೆಯುವವರಲ್ಲಿ ದುರುದ್ದೇಶವಿರುವುದಿಲ್ಲ, ಅವರ ಭಾಷೆಯ ರೂಢಿ ಅದು. ಎಚ್ಚರವಿರಬೇಕಾದವರು ನಾವು. ಮೂರು ಲಿಪಿಗಳಲ್ಲೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ದಾಖಲಾದುದನ್ನು ಅಲ್ಲೇ ಓದಿ ನೋಡಿ. ಕನ್ನಡ, ತಮಿಳು ಭಾಷಿಕರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದೆಂದು ಕೇರಳದ 1969ರ ಆಡಳಿತ ಭಾಷಾ ಕಾನೂನೇ ಹೇಳುತ್ತದೆ. ಕೇಳಲು ನಾಚಿಕೆ ಯಾಕೆ?

ನಾಲ್ಕನೆಯದು, ಪೂರ್ತಿ ಬರೆಸಿ, ಎಲ್ಲ ಕಡೆ ಒಂದೇ ರೀತಿ ಬರೆಸಿ. ಜನನ ಪತ್ರದಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಮತ್ತೊಂದು ಆದರೆ, ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಬೇಕಾಗುತ್ತದೆ.

ಇದನ್ನೆಲ್ಲ ರಕ್ಷಕರ ಸಭೆಯೊಂದರಲ್ಲಿ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ತಾಯಿ ಎದ್ದು ನಿಂತು, “ಮಾಷ್ಟ್ರೇ, ನಮ್ಮ ಅಜ್ಜ ಅಜ್ಜಿ ಬೇರೆಯವರ ಜಾಗದಲ್ಲಿ ಬಿಡಾರ ಕಟ್ಟಿ ಕೂತವರು. ನಮಗೆ ಯಾವ ಮನೆಹೆಸರು?” ಎಂದು ಕೇಳಿದರು. ಸಭೆ ಮೌನವಾಯಿತು. ಮನೆಹೆಸರಿನ ಹೆಮ್ಮೆ ನೆಲವಿದ್ದವರ ಹೆಮ್ಮೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತು ತಡೆದು, “ನಿಮ್ಮ ಹೆಸರನ್ನೇ ಇಡಿ ಅಕ್ಕಾ” ಎಂದೆ. ಅದು ಸಮಾಧಾನಕ್ಕಾಗಿ ಹೇಳಿದ ಮಾತಲ್ಲ. ಬೀಡಿ ಕಟ್ಟಿ, ಕೂಲಿ ಮಾಡಿ ಮಗುವನ್ನು ಶಾಲೆಗೆ ಕಳುಹಿಸಿದ ತಾಯಿಯ ಹೆಸರಿಗಿಂತ ದೊಡ್ಡ ಮನೆತನ ಯಾವುದಿದೆ? ಜಾತಿಯ ಹೆಸರು ಬೇಡವೆನ್ನುವ ಎಳೆಯ ತಾಯ್ತಂದೆಯರಿಗೂ ಇದು ಒಳ್ಳೆಯ ದಾರಿ.

ನಡುವಿನ ಹೆಸರು ಮನೆಯದಾಗಲಿ, ಅಜ್ಜಿಯದಾಗಲಿ, ತಾಯಿಯದಾಗಲಿ, ಅದು ಯಾರದೆಂದು ಮಗುವಿಗೆ ಗೊತ್ತಿರಬೇಕು. ಹೆಸರಿಡುವ ದಿನ ಕಿವಿಯಲ್ಲಿ ಮೂರು ಸಲ ಉಸುರಿದರೆ ಸಾಲದು, ತಿಳಿವಳಿಕೆ ಬಂದ ಮೇಲೆ ಕೂರಿಸಿಕೊಂಡು ಅದರ ಕತೆಯನ್ನೂ ಹೇಳಬೇಕು. ಕತೆ ಕನ್ನಡದಲ್ಲಿದ್ದರೆ, ಹೆಸರನ್ನು ಯಾವ ಲಿಪಿಯಲ್ಲಿ ಬರೆದರೂ ಅದು ಕನ್ನಡದ ಹೆಸರೇ.

ಕಳೆದ ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ, ರಬ್ಬರ್ ಮರಗಳ ನಡುವೆ ಹಳೆಯ ಬಾವಿಕಟ್ಟೆ ಇದ್ದ ಜಾಗವನ್ನು ತೋರಿಸಿದೆ. ಹತ್ತನೆಯ ತರಗತಿಗೆ ಬರುವ ಮೊದಲು ಶಾಲೆಯ ದಾಖಲೆಯಲ್ಲಿ ಆ ಒಂದಕ್ಷರವನ್ನು ಬಿಡಿಸಿ ಬರೆಸಲು ಅರ್ಜಿಯನ್ನೂ ಬರೆದಿಟ್ಟಿದ್ದೇನೆ. ಮರುದಿನ ಅವಳು ತನ್ನ ನೋಟುಪುಸ್ತಕದ ಲೇಬಲ್ಲುಗಳನ್ನೆಲ್ಲ ತಾನಾಗಿಯೇ ತಿದ್ದಿದ್ದಳು. ಎಂ ಇದ್ದಲ್ಲೆಲ್ಲ ಮಜಲು ಎಂದಿತ್ತು.