ಅಂಗಡಿಯ ಮೂಲೆಯ ಪೆಟ್ಟಿಗೆಗೂ ಪರಿಶೋಧನೆ ಬೇಕು

ಆದಾಯ ತೆರಿಗೆ ಕಾನೂನಿನ ದೃಷ್ಟಿಯಲ್ಲಿ ರೌಟರ್ ಕೂಡ ಒಂದು ಕಂಪ್ಯೂಟರ್. 2010ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠವು ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ, ಕಂಪ್ಯೂಟರಿನ ಜತೆಗೂಡಿ ಕೆಲಸ ಮಾಡುವ ರೌಟರ್ ಮತ್ತು ಸ್ವಿಚ್‌ಗಳಿಗೂ ಕಂಪ್ಯೂಟರಿಗೆ ಸಲ್ಲುವ ಸವಕಳಿಯೇ ಸಲ್ಲುತ್ತದೆ ಎಂದು ತೀರ್ಪಿತ್ತಿತು. ಆಗ ಆ ದರ ಶೇ. 60 ಇತ್ತು, 2017-18ನೇ ಆರ್ಥಿಕ ವರ್ಷದಿಂದ ಶೇ. 40ಕ್ಕೆ ಇಳಿಯಿತು. ಸವಕಳಿಯ ಲೆಕ್ಕ ಹಾಕುವಾಗ ರೌಟರನ್ನು ಕಂಪ್ಯೂಟರೆಂದು ಪರಿಗಣಿಸುವ ವರ್ತಕರು, ದಿನನಿತ್ಯದ ವ್ಯವಹಾರದಲ್ಲಿ ಮಾತ್ರ ಅದನ್ನು ಗೋಡೆಯ ಸ್ವಿಚ್ಚಿನಂತೆ ಕಾಣುತ್ತಾರೆ. ದೀಪ ಮಿನುಗುತ್ತಿದ್ದರೆ ಎಲ್ಲವೂ ಸರಿಯಿದೆ. ಮಿನುಗದಿದ್ದರೆ ಒಮ್ಮೆ ಆರಿಸಿ ಮತ್ತೆ ಹಚ್ಚಿದರಾಯಿತು ಎಂಬಲ್ಲಿಗೆ ಅದರ ನಿರ್ವಹಣೆ ಮುಗಿಯುತ್ತದೆ.

ಆದರೆ ಆ ಪೆಟ್ಟಿಗೆಯೊಳಗೆ ಸಂಸ್ಕಾರಕವಿದೆ, ಸ್ಮರಣಕೋಶವಿದೆ, ಅವೆರಡನ್ನೂ ನಡೆಸುವ ತಂತ್ರಾಂಶವಿದೆ. ಯಂತ್ರದೊಳಗೇ ನೆಲೆಯೂರಿರುವ ಈ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಮಳಿಗೆಯ ಬಿಲ್ಲು, ಬ್ಯಾಂಕಿನ ಪಾವತಿ, ತೆರಿಗೆಯ ನಮೂನೆ, ಗ್ರಾಹಕರ ವಿವರ ಇವೆಲ್ಲವೂ ಅದರ ಕೈಯಿಂದಲೇ ದಾಟಿಹೋಗುತ್ತವೆ. ಗುಮಾಸ್ತನೊಬ್ಬನ ಕೈಯಲ್ಲಿ ಇಷ್ಟು ವ್ಯವಹಾರ ನಡೆಯುವುದಾದರೆ ಅವನ ಪೂರ್ವಾಪರವನ್ನು ವಿಚಾರಿಸದ ಧಣಿ ಇರಲಾರ. ರೌಟರಿನ ವಿಷಯದಲ್ಲಿ ಮಾತ್ರ ಆ ವಿಚಾರಣೆ ನಡೆಯುತ್ತಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ವ್ಯಾಪಾರಸ್ಥರಿಗೆ ಇದು ದೂರದ ಮಾತಲ್ಲ. ಗೇರುಬೀಜದ ಕಾರ್ಖಾನೆಯಿರಲಿ, ಅಕ್ಕಿ ಗಿರಣಿಯಿರಲಿ, ಕೊಲ್ಲೂರಿನ ವಸತಿಗೃಹವಿರಲಿ, ಹೆದ್ದಾರಿ ಬದಿಯ ಮಳಿಗೆಯಿರಲಿ, ಅಂತರಜಾಲವಿಲ್ಲದೆ ಒಂದು ದಿನವೂ ಲೆಕ್ಕ ಮುಂದುವರಿಯುವುದಿಲ್ಲ. 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನ ಸಂಸ್ಥೆಗಳಿಗೆ ಮಾತ್ರ ಕಡ್ಡಾಯವಾಗಿದ್ದ ಇ-ಇನ್‌ವಾಯ್ಸ್ ಪದ್ಧತಿಯು 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯವಾಯಿತು. ತಿಂಗಳ 20ನೇ ತಾರೀಕು ದಾಟಿದ ಜಿಎಸ್‌ಟಿಆರ್-3ಬಿ ನಮೂನೆಗೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18 ಬಡ್ಡಿ. ಇಂತಹ ಸ್ಥಿತಿಯಲ್ಲಿ ಸಂಪರ್ಕದ ಮಂದಗತಿ ಎಂಬುದು ಕೇವಲ ಕಿರಿಕಿರಿಯಾಗಿ ಉಳಿದಿಲ್ಲ. ಅದು ಖರ್ಚಿನ ಬಾಬ್ತಾಗಿದೆ.

ವೇಗವೋ, ಸರತಿಯೋ?

ತಿಂಗಳ 20ರ ಸಂಜೆ ನಮೂನೆ ಸಲ್ಲಿಕೆಯಾಗದೆ ಪುಟ ಸುತ್ತುತ್ತಲೇ ಇದ್ದರೆ ದೋಷವನ್ನು ಸರ್ಕಾರದ ಜಾಲತಾಣದ ಮೇಲೋ ಸಂಪರ್ಕ ಕೊಟ್ಟವರ ಮೇಲೋ ಹೊರಿಸುವುದು ರೂಢಿ. ಅದು ನಿಜವೂ ಆಗಿರಬಹುದು. ಆದರೆ ಅದೇ ಗಳಿಗೆಯಲ್ಲಿ ಪಕ್ಕದ ಕೋಣೆಯ ಕಂಪ್ಯೂಟರ್ ಟ್ಯಾಲಿಯ ದತ್ತಾಂಶದ ನಕಲನ್ನು ದೂರದ ಸರ್ವರಿಗೆ ಕಳುಹಿಸುತ್ತಿರಬಹುದು. ಸಿಸಿ ಕ್ಯಾಮೆರಾ ದೃಶ್ಯಗಳು ಮೇಲೇರುತ್ತಿರಬಹುದು. ಹಣದ ಮೂಟೆ ಎಣಿಸಲು ತಂದ ಗಿರಾಕಿ ಬ್ಯಾಂಕಿನ ಏಕೈಕ ಕೌಂಟರಿನ ಮುಂದೆ ನಿಂತರೆ, ಅವನ ಹಿಂದೆ ಒಂದೇ ಚೀಟಿ ಹಿಡಿದು ನಿಂತವನೂ ತಾಸುಗಟ್ಟಲೆ ಕಾಯಬೇಕಾಗುತ್ತದೆ. ರೌಟರಿನೊಳಗೆ ನಡೆಯುವುದೂ ಇದೇ. ತಯಾರಕರು ಪ್ಯಾಕೆಟ್‌ಗಳು ನಷ್ಟವಾಗಬಾರದೆಂದು ದೊಡ್ಡ ಬಫರ್‌ಗಳನ್ನಿಟ್ಟರು. ಪರಿಣಾಮವಾಗಿ ಸರತಿ ಸಾಲು ಮಿತಿಮೀರಿ ಬೆಳೆಯಿತು. ಈ ಕಾಯಿಲೆಗೆ 2010ರ ಹೊತ್ತಿಗೆ ಜಿಮ್ ಗೆಟಿಸ್ ಎಂಬ ತಂತ್ರಜ್ಞರು ಬಫರ್‌ಬ್ಲೋಟ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು.

ಬಫರ್‌ಬ್ಲೋಟಿಗೆ ಹೆಚ್ಚಿನ ವೇಗದ ಯೋಜನೆಯನ್ನು ಖರೀದಿಸುವುದು ಔಷಧವಲ್ಲ. ಕೌಂಟರಿನ ಗುಮಾಸ್ತ ಬೇಗ ಬೇಗ ಎಣಿಸಿದರೂ ಸಾಲಿನ ಕ್ರಮ ಬದಲಾಗದಿದ್ದರೆ ಚೀಟಿ ಹಿಡಿದವನು ಮೂಟೆಯ ಹಿಂದೆಯೇ ನಿಂತಿರುತ್ತಾನೆ. ಆದರೂ ಪ್ರತಿ ವರ್ಷ ಎಷ್ಟೋ ಮಂದಿ ವರ್ತಕರು ಈ ಔಷಧವನ್ನೇ ಕೊಳ್ಳುತ್ತಿದ್ದಾರೆ.

ತೆರೆದ ಪುಸ್ತಕದ ಕಥೆ

ಇದಕ್ಕೆ ಪರಿಹಾರ ಬಂದದ್ದು ಮುಕ್ತ ತಂತ್ರಾಂಶದ ದಾರಿಯಿಂದ. 2002ರ ಡಿಸೆಂಬರಿನಲ್ಲಿ ಅಮೆರಿಕದ ಲಿಂಕ್‌ಸಿಸ್ ಸಂಸ್ಥೆಯು ಡಬ್ಲ್ಯುಆರ್‌ಟಿ54ಜಿ ಎಂಬ ಮನೆಬಳಕೆಯ ರೌಟರನ್ನು ಮಾರುಕಟ್ಟೆಗೆ ಬಿಟ್ಟಿತು. ಅದರೊಳಗೆ ಲಿನಕ್ಸ್ ಬಳಕೆಯಾಗಿದೆಯೆಂಬುದು ಮರುವರ್ಷ ಬೆಳಕಿಗೆ ಬಂತು. ಲಿನಕ್ಸ್ ಬಳಸಿ ಸಾಧನ ಮಾರುವವರು ಅದರ ಮೂಲ ಸಂಕೇತವನ್ನೂ ಕೊಡಬೇಕೆಂಬುದು ಅದರ ಪರವಾನಗಿಯ ಷರತ್ತು. ಷರತ್ತಿನಂತೆ ಸಂಕೇತ ಹೊರಬಂದಿತು. ಅದನ್ನು ಆಧರಿಸಿ 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಆರಂಭವಾಯಿತು. 2016ರಲ್ಲಿ ಅದರ ಒಂದು ಬಣ ಬೇರೆಯಾಗಿ, 2018ರ ಜನವರಿಯಲ್ಲಿ ಮತ್ತೆ ಒಂದುಗೂಡಿತು. 2025ರ ಫೆಬ್ರವರಿಯಲ್ಲಿ ಅದರ 24.10 ಆವೃತ್ತಿ ಹೊರಬಂದಿದೆ. ಎರಡು ದಶಕಗಳ ಹಿಂದಿನ ಪ್ರಯೋಗವೊಂದು ಅವಿಭಕ್ತ ಕುಟುಂಬದ ವ್ಯಾಪಾರದಂತೆ ಒಡೆದು, ಕೂಡಿ, ಇಂದಿಗೂ ನಡೆಯುತ್ತಿರುವುದು ಗಮನಾರ್ಹ.

ಬಫರ್‌ಬ್ಲೋಟ್ ಗುಣಪಡಿಸುವ ಕೆಲಸ 2011ರಲ್ಲಿ ಇದೇ ಓಪನ್‌ಡಬ್ಲ್ಯುಆರ್‌ಟಿಯ ಅಡಿಪಾಯದ ಮೇಲೆ ಸೆರೋಡಬ್ಲ್ಯುಆರ್‌ಟಿ ಎಂಬ ಹೆಸರಿನಲ್ಲಿ ಶುರುವಾಯಿತು. ಅದರ ಮುಂಚೂಣಿಯಲ್ಲಿದ್ದ ಡೇವ್ ಟಾಟ್ 2025ರ ಏಪ್ರಿಲ್ 1ರಂದು ನಿಧನರಾದರು. ಅವರ ಬಳಗವು ನೂರು ಬಗೆಯ ಸಾಧನಗಳ ಹಿಂದೆ ಹೋಗಲಿಲ್ಲ. ನೆಟ್‌ಗಿಯರ್ ಸಂಸ್ಥೆಯ ಒಂದೆರಡು ಮಾದರಿಗಳನ್ನು ಆರಿಸಿಕೊಂಡು, ಪ್ರತಿ ಬದಲಾವಣೆಯ ನಂತರವೂ ತಂತಿಯನ್ನು ಎರಡೂ ದಿಕ್ಕಿನಲ್ಲಿ ತುಂಬಿಸಿ, ಆ ಹೊರೆಯ ನಡುವೆ ಒಂದು ಸಣ್ಣ ಸಂದೇಶ ಹೋಗಿಬರಲು ಎಷ್ಟು ಮಿಲಿಸೆಕೆಂಡ್ ಬೇಕೆಂದು ಅಳೆಯಿತು. ಅಳೆದದ್ದನ್ನು ಸೋಲು ಗೆಲುವು ನೋಡದೆ ಪ್ರಕಟಿಸಿತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ರೂಪಿಸಿದ ಕೋಡೆಲ್ ವಿಧಾನ ಈ ಪರೀಕ್ಷೆಗಳಲ್ಲಿ ಗಟ್ಟಿಯಾಯಿತು. ಸಾಲಿನಲ್ಲಿ ಕಾಯುವ ಹೊತ್ತು 100 ಮಿಲಿಸೆಕೆಂಡುಗಳ ಕಾಲ ಒಂದೇ ಸಮನೆ 5 ಮಿಲಿಸೆಕೆಂಡಿಗಿಂತ ಹೆಚ್ಚಿದ್ದರೆ ಒಂದು ಪ್ಯಾಕೆಟನ್ನು ಬಿಟ್ಟುಬಿಟ್ಟು, ಕಳುಹಿಸುವವನಿಗೆ ನಿಧಾನಿಸೆಂದು ಸೂಚಿಸುವುದು ಅದರ ತತ್ತ್ವ. ಮೂಟೆಯವನಿಗೊಂದು, ಚೀಟಿಯವನಿಗೊಂದು ಎಂದು ಸಾಲನ್ನೇ ಬೇರ್ಪಡಿಸುವ ಕ್ರಮ ಇದಕ್ಕೆ ಸೇರಿ ಎಫ್‌ಕ್ಯೂ-ಕೋಡೆಲ್ ಆಯಿತು. 2018ರಲ್ಲಿ ಅದು ಆರ್‌ಎಫ್‌ಸಿ 8290 ಎಂಬ ಸಂಖ್ಯೆಯಲ್ಲಿ ದಾಖಲಾಯಿತು.

ಸುರತ್ಕಲ್ಲಿನ ಕೊಡುಗೆ

ಈ ವಿದ್ಯೆ ಕಡಲಾಚೆಯದೇ ಎಂದು ಭಾವಿಸಬೇಕಾಗಿಲ್ಲ. ಇದೇ ಕರಾವಳಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ದಕ್ಷಿಣಕ್ಕೆ ಸಾಗಿದರೆ ಸಿಗುವ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಮೋಹಿತ್ ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು ಎಫ್‌ಕ್ಯೂ-ಪೈ ಎಂಬ ಸರತಿ ನಿರ್ವಹಣಾ ಕ್ರಮವನ್ನು ಬರೆದು ಲಿನಕ್ಸಿಗೆ ಸಲ್ಲಿಸಿದರು. 2020ರಲ್ಲಿ ಹೊರಬಂದ ಲಿನಕ್ಸ್ 5.6ರ ತಿರುಳಿನಲ್ಲಿ ಅದು ಸೇರಿಕೊಂಡಿದೆ. ಇಂತಹ ಕ್ರಮಗಳನ್ನು ಒಂದೇ ಕಂಪ್ಯೂಟರಿನಲ್ಲಿ ಕೃತಕ ಜಾಲ ಹೂಡಿ ಪರೀಕ್ಷಿಸುವ ನೆಸ್ಟ್ ಎಂಬ ಮುಕ್ತ ಸಾಧನವೂ ಅದೇ ಸಂಸ್ಥೆಯದು. ಲಿನಕ್ಸ್ ತಿರುಳಿಗೆ ಸಲ್ಲಿಸಿದ ಪ್ರತಿ ಸಾಲನ್ನೂ ಅಪರಿಚಿತ ಪರಿಣತರು ಓದಿ, ಪ್ರಶ್ನಿಸಿ, ತಿದ್ದಿಸಿದ ನಂತರವೇ ಅದು ಅಂಗೀಕಾರವಾಗುತ್ತದೆ. ಕರಾವಳಿಯ ವಿದ್ಯಾರ್ಥಿಗಳು ಆ ಪರಿಶೋಧನೆಯಲ್ಲಿ ತೇರ್ಗಡೆಯಾದರೆಂಬುದು ಹೆಮ್ಮೆಯ ಸಂಗತಿ.

ತೆರೆದದ್ದೆಲ್ಲ ಪರಿಶೋಧಿತವಲ್ಲ

ಇಷ್ಟು ಹೇಳಿದ ಮಾತ್ರಕ್ಕೆ ಮುಕ್ತ ಫರ್ಮ್‌ವೇರ್ ನಿರ್ದೋಷಿ ಎಂದು ತೀರ್ಮಾನಿಸುವುದು ಅವಸರವಾದೀತು. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರೆ ಸಾಲದು, ಯಾರಾದರೂ ಕುಳಿತು ಓದಬೇಕು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಹೊಸ ತಂತ್ರಾಂಶದ ಕಟ್ಟುಗಳು ಅಸಲಿಯೋ ನಕಲಿಯೋ ಎಂದು ತಾಳೆ ನೋಡುವ ಭಾಗದಲ್ಲೇ 2017ರ ಫೆಬ್ರವರಿಯಲ್ಲಿ ಒಂದು ಲೋಪ ನುಸುಳಿತ್ತು. ಎಲ್ಲರ ಕಣ್ಣೆದುರಿಗಿದ್ದರೂ ಅದು ಪತ್ತೆಯಾಗಿ ಸರಿಹೋದದ್ದು 2020ರ ಆರಂಭದಲ್ಲಿ. ಸುಮಾರು ಮೂರು ವರ್ಷ ಕಳೆದ ಮೇಲೆ. 2024ರ ಡಿಸೆಂಬರಿನಲ್ಲಿ ಸಂಶೋಧಕರೊಬ್ಬರು ಅದರ ನವೀಕರಣ ಸೇವೆಯ ಇನ್ನೊಂದು ದೋಷವನ್ನು ತಿಳಿಸಿದಾಗ ಕೆಲವೇ ತಾಸುಗಳಲ್ಲಿ ದುರಸ್ತಿ ನಡೆದು, ಬಳಕೆದಾರರಿಗೆ ಬಹಿರಂಗ ಸೂಚನೆ ಹೋಯಿತು.

ಮುಚ್ಚಿದ ಪೆಟ್ಟಿಗೆಗಳ ಸ್ಥಿತಿಯನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶವು ಕನಿಷ್ಠ 54 ದೇಶಗಳ ಸುಮಾರು 5 ಲಕ್ಷ ಸಾಧನಗಳಲ್ಲಿ, ಅದರಲ್ಲೂ ಮನೆ ಮತ್ತು ಸಣ್ಣ ಕಚೇರಿಗಳ ರೌಟರುಗಳಲ್ಲಿ, ಹೊಕ್ಕಿರುವುದು ಬಯಲಾಯಿತು. ಅದಕ್ಕೂ ಮುನ್ನ, 2017ರ ಜುಲೈಯಲ್ಲಿ, ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಇಂತಹುದೇ ದಾಳಿಗೆ ತುತ್ತಾದವು. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಬದಲಿಸದೆ ಉಳಿಸಿಕೊಂಡಿದ್ದೇ ಅಲ್ಲಿ ಮುಖ್ಯ ಕಾರಣವಾಗಿತ್ತು. ಬೀಗ ಗಟ್ಟಿಯಿದ್ದರೂ ಕೀಲಿಕೈ ಬಾಗಿಲಿಗೇ ತೂಗುತ್ತಿದ್ದರೆ ಫಲವೇನು? ಆದ್ದರಿಂದ ಮುಕ್ತವೋ ಮುಚ್ಚಿದ್ದೋ ಎಂಬುದು ಮೊದಲ ಪ್ರಶ್ನೆಯಾದರೆ, ಪರೀಕ್ಷೆ ಆಗಿದೆಯೋ ಇಲ್ಲವೋ ಎಂಬುದು ಕೊನೆಯ ಪ್ರಶ್ನೆ. ಮುಕ್ತ ಫರ್ಮ್‌ವೇರಿನ ನಿಜವಾದ ಲಾಭವೆಂದರೆ ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುವ ಹಕ್ಕು ಕೊಂಡವನಿಗೂ ಇರುತ್ತದೆ.

ಅಡಚಣೆಗಳು

ಕಾರ್ಯರೂಪಕ್ಕೆ ಇಳಿಯುವ ಮುನ್ನ ಕೆಲವು ಮಿತಿಗಳನ್ನು ಅರಿಯುವುದು ಅವಶ್ಯ. ಫೈಬರ್ ಸಂಪರ್ಕದ ಜತೆ ಸೇವಾದಾರರು ಕೊಡುವ ಓಎನ್‌ಟಿ ಪೆಟ್ಟಿಗೆಯ ತಂತ್ರಾಂಶವನ್ನು ಗ್ರಾಹಕರು ಬದಲಿಸುವಂತಿಲ್ಲ. ಅದರ ಮುಂದೆ ಪ್ರತ್ಯೇಕ ರೌಟರನ್ನು ಜೋಡಿಸಿಕೊಳ್ಳಬೇಕು. ಹೆಸರು ಒಂದೇ ಇದ್ದರೂ ಒಳಗಿನ ಯಂತ್ರಾಂಶ ಆವೃತ್ತಿಯಿಂದ ಆವೃತ್ತಿಗೆ ಬೇರೆಯಾಗಿರುವುದುಂಟು. ತಪ್ಪು ಫರ್ಮ್‌ವೇರ್ ತುಂಬಿದರೆ ಪೆಟ್ಟಿಗೆ ಮತ್ತೆ ಏಳದಿರಬಹುದು. ತಯಾರಕರ ಖಾತರಿಯೂ ಕೈತಪ್ಪಬಹುದು. ಭಾರತದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟಿಪಿ-ಲಿಂಕ್ ಡಬ್ಲ್ಯುಆರ್841ಎನ್ ಮಾದರಿಯ ಹಳೆಯ ಆವೃತ್ತಿಗಳಂತೆ 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಸಾಧನಗಳಿಗೆ ಓಪನ್‌ಡಬ್ಲ್ಯುಆರ್‌ಟಿಯ 19.07ರ ನಂತರದ ಅಧಿಕೃತ ಆವೃತ್ತಿಗಳು ಸಿದ್ಧವಾಗುತ್ತಿಲ್ಲ. ಕೆಲವು ಚಿಪ್‌ಗಳಿಗೆ ಮುಕ್ತ ಚಾಲಕ ತಂತ್ರಾಂಶವಿಲ್ಲದ ಕಾರಣ ವೈಫೈ ಸರಿಯಾಗಿ ನಡೆಯುವುದಿಲ್ಲ. ತೊಂದರೆಯಾದಾಗ ಕರೆ ಮಾಡಲು ಗ್ರಾಹಕ ಸೇವಾ ಕೇಂದ್ರವೂ ಇಲ್ಲ. 2024ರ ನವೆಂಬರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಬಳಗವೇ ವಿನ್ಯಾಸ ಮಾಡಿಸಿದ ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ರೌಟರ್ ಮಾರಾಟಕ್ಕೆ ಬಂದು, ತಪ್ಪು ತುಂಬಿದರೂ ಚೇತರಿಸಿಕೊಳ್ಳಲು ಅದರಲ್ಲಿ ಪ್ರತ್ಯೇಕ ಸ್ಮರಣಕೋಶವನ್ನು ಇಟ್ಟಿರುವುದು ಸಮಾಧಾನಕರ. ಇನ್ನು ಮಳೆಗಾಲದ ಸಿಡಿಲಿಗಂತೂ ಮುಕ್ತವೂ ಒಂದೇ, ಮುಚ್ಚಿದ್ದೂ ಒಂದೇ.

ವಾಣಿಜ್ಯ ಸಂಘದ ಪಾತ್ರ

ಈ ಅಡಚಣೆಗಳನ್ನು ಒಬ್ಬೊಬ್ಬ ವರ್ತಕ ಒಂಟಿಯಾಗಿ ನಿಭಾಯಿಸಲಾರ. ನಿಭಾಯಿಸಬೇಕಾದ ಅಗತ್ಯವೂ ಇಲ್ಲ. ತೂಕ ಮತ್ತು ಅಳತೆಯ ಸಾಧನಗಳಿಗೆ ಮುದ್ರೆ ಬೀಳುವಂತೆ, ರೌಟರುಗಳಿಗೂ ಒಂದು ಸಾಮೂಹಿಕ ಪರೀಕ್ಷೆಯ ಏರ್ಪಾಡು ಬೇಕು. ವಾಣಿಜ್ಯ ಸಂಘವು ಸದಸ್ಯರ ವಂತಿಗೆಯಿಂದ ಪೇಟೆಯಲ್ಲಿ ಸುಲಭವಾಗಿ ದೊರೆಯುವ ಮೂರು ನಾಲ್ಕು ಮಾದರಿಗಳನ್ನು ಕೊಂಡು, ಅವುಗಳಲ್ಲಿ ಮುಕ್ತ ಫರ್ಮ್‌ವೇರ್ ಅಳವಡಿಸಿ, ಮೂರು ತಾಲೂಕುಗಳಲ್ಲಿ ಒಂದೊಂದು ಕಡೆ ಇರಿಸಬಹುದು: ಅಕ್ಕಪಕ್ಕದ ವೈಫೈ ಸಂಕೇತಗಳ ದಟ್ಟಣೆಯಿರುವ ಕುಂದಾಪುರ ಪೇಟೆಯಲ್ಲಿ ಒಂದು, ಯಾತ್ರಿಕರು ಏಕಕಾಲಕ್ಕೆ ಹತ್ತಾರು ಮೊಬೈಲು ಜೋಡಿಸುವ ಬೈಂದೂರು ತಾಲೂಕಿನ ವಸತಿಗೃಹದಲ್ಲಿ ಒಂದು, ದಿನವಿಡೀ ಬಿಲ್ಲು ಹೊರಡುವ ಬ್ರಹ್ಮಾವರದ ಮಳಿಗೆಯಲ್ಲಿ ಒಂದು. ಜೂನಿನಿಂದ ಸೆಪ್ಟೆಂಬರ್‌ವರೆಗೆ, ವಿದ್ಯುತ್ ಕಣ್ಣುಮುಚ್ಚಾಲೆಯಾಡುವ ನಾಲ್ಕು ತಿಂಗಳಲ್ಲಿ ನಡೆಯುವ ಪರೀಕ್ಷೆಗಿಂತ ಕಠಿಣವಾದ ಪರೀಕ್ಷೆ ಬೇರೆ ಬೇಕಾಗಿಲ್ಲ.

ದಾಖಲಿಸಬೇಕಾದ ಅಂಶಗಳು ಸರಳ. ತಂತಿ ಖಾಲಿಯಿದ್ದಾಗಿನ ವಿಳಂಬ, ದೊಡ್ಡ ಕಡತ ಮೇಲೇರುತ್ತಿದ್ದಾಗಿನ ವಿಳಂಬ, ತಾನಾಗಿ ನಿಂತುಹೋದ ಸಲಗಳು, ವಿದ್ಯುತ್ ಮರಳಿದ ನಂತರ ಸಂಪರ್ಕ ಕೂಡಲು ತೆಗೆದುಕೊಂಡ ಹೊತ್ತು, ಕೊನೆಯ ನವೀಕರಣದ ದಿನಾಂಕ. ಮೊದಲೆರಡು ಅಂಶಗಳನ್ನು ಯಾವ ಕಂಪ್ಯೂಟರಿನಲ್ಲಾದರೂ ಪಿಂಗ್ ಎಂಬ ಆದೇಶದಿಂದ ಈಗಲೇ ಅಳೆಯಬಹುದು. ಖಾಲಿಯಿದ್ದಾಗ 20 ಅಥವಾ 30 ಮಿಲಿಸೆಕೆಂಡಿದ್ದ ವಿಳಂಬ ಹೊರೆ ಬಿದ್ದಾಗ ನೂರಾರು ಮಿಲಿಸೆಕೆಂಡಿಗೆ ಏರಿದರೆ, ಹೊಸ ಯೋಜನೆಗೆ ಹಣ ಕಟ್ಟುವ ಮುನ್ನ ಸರತಿಯನ್ನು ಸರಿಪಡಿಸುವುದು ವಿವೇಕ. ಮೂಡ್ಲಕಟ್ಟೆಯ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಯೋಜನಾ ಕಾರ್ಯವಾದೀತು. ಸುರತ್ಕಲ್ಲಿನ ತಜ್ಞರ ಸಲಹೆ ಕೋರಲೂ ದಾರಿ ದೂರವಿಲ್ಲ. ಫಲಿತಾಂಶ ಚೆನ್ನಾಗಿರಲಿ, ಕೆಟ್ಟದಿರಲಿ, ಮಾದರಿ ಮತ್ತು ಆವೃತ್ತಿಯ ಸಮೇತ ಈ ಪತ್ರಿಕೆಯಲ್ಲಿಯೇ ಪ್ರಕಟವಾಗಬೇಕು. ಒಳ್ಳೆಯದನ್ನು ಮಾತ್ರ ಅಚ್ಚುಹಾಕುವುದಾದರೆ ಅದು ಜಾಹೀರಾತಾಗುತ್ತದೆ.

ಅಲ್ಲಿಯವರೆಗೆ ಪ್ರತಿಯೊಬ್ಬ ವರ್ತಕರೂ ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ. ಸ್ಥಿರಾಸ್ತಿ ವಹಿಯಲ್ಲಿ ರೌಟರಿನ ಹೆಸರಿನ ಮುಂದೆ ಖರೀದಿಯ ದಿನಾಂಕ, ಮೌಲ್ಯ, ಸವಕಳಿ ಇವುಗಳ ಜತೆ ಇನ್ನೂ ಮೂರು ಅಂಕಣಗಳನ್ನು ಎಳೆಯಬೇಕು: ಫರ್ಮ್‌ವೇರಿನ ಆವೃತ್ತಿ, ಅದನ್ನು ಕೊನೆಯ ಬಾರಿ ನವೀಕರಿಸಿದ ದಿನ, ಗುಪ್ತಪದ ಬದಲಿಸಿದ ದಿನ. ಮಾರ್ಚ್ 31ರಂದು ದಾಸ್ತಾನು ಎಣಿಸುವಾಗ ಈ ಅಂಕಣಗಳನ್ನೂ ತುಂಬಬೇಕು. ತುಂಬಲು ಉತ್ತರವಿಲ್ಲದೆ ಖಾಲಿ ಉಳಿದ ಅಂಕಣವಿದ್ದರೆ, ಆ ವರ್ಷದ ಪರಿಶೋಧನೆ ಅಲ್ಲಿಂದಲೇ ಆರಂಭವಾಗಲಿ.